ರಾಮನಗರದ ಗೂಡಿನ ಸಂತೆ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಟ ಪ್ರಯಾಣಿಕನಿಗೆ ಬಿಡದಿಯನ್ನು ದಾಟಿದ ಬಳಿಕ ನೆಲದ ಸ್ವರೂಪವೇ ಬದಲಾದಂತೆ ತೋರುತ್ತದೆ. ಅದುವರೆಗೆ ಸಮತಟ್ಟಾಗಿ ಹರಡಿದ್ದ ಬಯಲಿನಲ್ಲಿ ಯಾರೋ ಬೇಕೆಂದೇ ಪೇರಿಸಿ ಹೋದಂತೆ ಹೆಬ್ಬಂಡೆಗಳು ಎದ್ದು ನಿಂತಿವೆ. ಭೂವಿಜ್ಞಾನಿಗಳು ಈ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಮೈಸೂರಿನಲ್ಲಿ ಬ್ರಿಟಿಷರ ಮೊದಲ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರನ್ನು ಹೊತ್ತು ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ಊರು ಆ ಹೆಸರನ್ನು ಎಂದೋ ಕಳಚಿಕೊಂಡು ರಾಮನಗರವಾಯಿತು. ಕಲ್ಲು ಮಾತ್ರ ಅದನ್ನು ಇನ್ನೂ ಬಿಟ್ಟಿಲ್ಲ. 2007ರಲ್ಲಿ ಈ ಊರು ಜಿಲ್ಲೆಯ ಕೇಂದ್ರವಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೊಸ ನಾಮಕರಣವಾಯಿತು. ಹೆಸರುಗಳು ಇಲ್ಲಿ ಬಂದು ಹೋಗುವುದು ಹೊಸತಲ್ಲ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ದರೋಡೆಕಾರರು ಅಡಗಿದ್ದ ಬಂಡೆಗಳು ಇವೇ ಎಂದು ತೋರಿಸುವವರು ಇಂದಿಗೂ ಉಂಟು. ರಣಹದ್ದುಗಳಿಗಾಗಿ ರಾಮದೇವರ ಬೆಟ್ಟದಲ್ಲಿ ಒಂದು ಧಾಮವೂ ಉಂಟು. ಆದರೆ ಊರಿನ ಜೀವವಿರುವುದು ಬೆಟ್ಟದ ಮೇಲಲ್ಲ, ಕೆಳಗೆ, ಹಳೆಯ ಹೆದ್ದಾರಿಯ ಪಕ್ಕದಲ್ಲಿ, ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ.

2023ರ ಮಾರ್ಚಿಯಲ್ಲಿ ಹೊಸ ಹೆದ್ದಾರಿ ತೆರೆದಂದಿನಿಂದ ಮೈಸೂರಿನ ವಾಹನಗಳಲ್ಲಿ ಹೆಚ್ಚಿನವು ಊರನ್ನು ಹೊರಗಿನಿಂದಲೇ ಬಳಸಿ ಹೋಗುತ್ತವೆ. ಆದ್ದರಿಂದ ಈ ಮಾರುಕಟ್ಟೆಯನ್ನು ನೋಡಬೇಕೆನ್ನುವವನು ಬೇಕೆಂದೇ ದಾರಿ ತಪ್ಪಿಸಿಕೊಳ್ಳಬೇಕು. ಅದೂ ಬೆಳಗಿನ ಹೊತ್ತೇ ಬರಬೇಕು. ಕನಕಪುರ, ಮಾಗಡಿ, ಮಳವಳ್ಳಿಗಳ ಕಡೆಯಿಂದ ಬಸ್ಸಿನ ನೆತ್ತಿಯ ಮೇಲೆ, ಟೆಂಪೋಗಳಲ್ಲಿ, ಸ್ಕೂಟರಿನ ಹಿಂಬದಿಯಲ್ಲಿ ಗೂಡಿನ ಮೂಟೆಗಳು ಬಂದಿಳಿಯುತ್ತವೆ. ಏಷ್ಯಾದಲ್ಲಿಯೇ ಅತಿ ದೊಡ್ಡದೆಂದು ಹೆಸರಾದ ಸಂತೆ ಇದು. ಆದರೂ ಇಲ್ಲಿ ಸಂತೆಯ ಗದ್ದಲಕ್ಕಿಂತ ಮೊದಲು ಮನಸ್ಸಿಗೆ ತಟ್ಟುವುದು ವಾಸನೆ. ಹುಳುವಿನ ವಾಸನೆ, ಸೊಪ್ಪಿನ ವಾಸನೆ, ಒದ್ದೆ ಗೋಣಿಯ ವಾಸನೆ ಎಲ್ಲವೂ ಕೂಡಿದ ಒಂದು ಬಿಸಿ ಘಾಟು. ಮೊದಲ ಸಲ ಬಂದ ಪಟ್ಟಣಿಗರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಆ ಕರವಸ್ತ್ರವೂ ಉಟ್ಟ ರೇಷ್ಮೆ ಸೀರೆಯೂ ಬೇರೆ ಬೇರೆ ಲೋಕದಿಂದ ಬಂದವೆಂಬ ಭಾವನೆ ಅವರಿಗೆ ಆಗ ಬಂದರೆ ಆಶ್ಚರ್ಯವಿಲ್ಲ.

ಒಳಗೆ ಸಾಲು ಸಾಲಾಗಿ ತಟ್ಟೆಗಳು. ತಟ್ಟೆಗಳ ತುಂಬ ಗೂಡು. ಒಂದು ಸಾಲಿನಲ್ಲಿ ಅರಿಸಿನದ ನೀರಿನಲ್ಲಿ ಅದ್ದಿ ತೆಗೆದಂಥ ಮಿಶ್ರ ತಳಿಯ ಗೂಡುಗಳಾದರೆ, ಇನ್ನೊಂದು ಸಾಲಿನಲ್ಲಿ ಬೆಳ್ಳಗೆ ದುಂಡಗಿರುವ ದ್ವಿತಳಿಯ ಗೂಡುಗಳು. ಪ್ರತಿಯೊಬ್ಬ ರೈತನ ಪಾಲಿಗೂ ಒಂದು ಲಾಟು, ಲಾಟಿಗೊಂದು ನಂಬರು. ಹಿಂದೆ ಇಲ್ಲಿ ಬಾಯಿಂದ ಕೂಗುವ ಹರಾಜು ಇತ್ತು. ಈಗ ಹರಾಜು ಮೊಬೈಲ್ ಫೋನಿನಲ್ಲಿ ನಡೆಯುತ್ತದೆ. ರೀಲರುಗಳು ಲಾಟುಗಳ ನಡುವೆ ಮೌನವಾಗಿ ನಡೆದಾಡಿ, ಒಂದೊಂದು ಗೂಡನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿ, ಬೆರಳಿನಿಂದ ಒತ್ತಿ ನೋಡಿ, ಜೇಬಿನಿಂದ ಫೋನು ತೆಗೆದು ಅಂಕಿ ಒತ್ತುತ್ತಾರೆ. ಆದರೂ ಮಾತು ಪೂರ್ತಿ ನಿಂತಿಲ್ಲ.

“ಗೂಡು ಸ್ವಲ್ಪ ಮೆತ್ತಗದೆ ಗೌಡ್ರೆ.”

“ಎಲ್ಲಿ ಮೆತ್ತಗದೆ ಸಾಯೇಬ್ರೆ? ಅಲ್ಲಾಡಿಸಿ ನೋಡಿ, ಗಿಲಕಿ ಬಡಿದಂಗೆ ಬಡೀತದೆ.”

“ನೂಲಿನ ರೇಟು ನಿನ್ನೆ ಇಳಿದದೆ. ನಾನೇನ್ ಮಾಡ್ಲಿ?”

“ನೂಲು ಇಳಿದ್ರೆ ನನ್ನ ಹುಳ ಸೊಪ್ಪು ತಿನ್ನೋದು ಕಡಿಮೆ ಮಾಡ್ತದಾ?”

ಈ ನಾಲ್ಕು ಮಾತಿನಲ್ಲಿ ರೇಷ್ಮೆಯ ಅರ್ಥಶಾಸ್ತ್ರವೆಲ್ಲ ಅಡಗಿದೆ. ಗೌಡರ ಬೆಲೆ ರೀಲರಿನ ಕೈಯಲ್ಲಿದೆ; ರೀಲರಿನ ಬೆಲೆ ನೇಕಾರನ ಕೈಯಲ್ಲಿದೆ; ನೇಕಾರನ ಮುಂದೆ ಎರಡು ನೂಲಿನ ಲಡಿಗಳಿವೆ, ಒಂದು ರಾಮನಗರದ್ದು, ಇನ್ನೊಂದು ಚೀನದ್ದು.

ರೇಷ್ಮೆಯ ಹುಳುವಿಗೆ ಕಾಲದ ಲೆಕ್ಕ ಬಹು ಕಟ್ಟುನಿಟ್ಟು. ಮೊಟ್ಟೆಯೊಡೆದ ದಿನದಿಂದ ಸುಮಾರು 25 ದಿನ ಹಿಪ್ಪುನೇರಳೆಯ ಸೊಪ್ಪನ್ನು ತಿಂದು, ನಾಲ್ಕು ಸಲ ‘ಜ್ವರ’ಕ್ಕೆ ಕುಳಿತು, ಪೊರೆ ಕಳಚಿ ಎದ್ದು, ಕೊನೆಗೆ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ತನ್ನ ಸುತ್ತ ತಾನೇ ಗೂಡು ಕಟ್ಟಿಕೊಳ್ಳುತ್ತದೆ. ಕೊನೆಯ ಜ್ವರದಿಂದ ಎದ್ದ ಹುಳುವಿನ ಹಸಿವನ್ನು ಕಂಡವರು ಮಾತ್ರ ನಂಬುತ್ತಾರೆ: ರಾತ್ರಿಯ ಹೊತ್ತು ಹುಳುಮನೆಯ ಬಾಗಿಲಲ್ಲಿ ನಿಂತರೆ ಅವು ಸೊಪ್ಪು ತಿನ್ನುವ ಸದ್ದು ಹಂಚಿನ ಮೇಲೆ ಬೀಳುವ ಸಣ್ಣ ಮಳೆಯಂತೆ ಕೇಳಿಸುತ್ತದೆ. ಆ ವಾರದಲ್ಲಿ ಮನೆಯ ಹೆಂಗಸರಿಗೆ ನಿದ್ರೆಯೆಂಬುದಿಲ್ಲ. ನೆಂಟರಿಷ್ಟರ ಮದುವೆಯೂ ಇಲ್ಲ. ಹೀಗೆ ಸಾಕಿದ ಗೂಡನ್ನು ಬಿಡಿಸಿದ ಮೇಲೆ ಇಟ್ಟುಕೊಳ್ಳುವಂತಿಲ್ಲ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಒಳಗಿನ ಪತಂಗವು ಗೂಡನ್ನು ತೂತುಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಅಖಂಡವಾದ ಎಳೆ ಬರುವುದಿಲ್ಲ. ಭತ್ತವನ್ನು ಕಣಜದಲ್ಲಿಟ್ಟು ಬೆಲೆಗೆ ಕಾಯಬಹುದು, ಬೆಲ್ಲವನ್ನೂ ಕಾಯಿಸಬಹುದು. ಗೂಡು ತಂದವನು ಇಂದಿನ ಬೆಲೆ ಸರಿಹೋಗದಿದ್ದರೆ ಹೆಚ್ಚೆಂದರೆ ಇನ್ನೊಂದು ಸುತ್ತು ಹರಾಜಿಗೆ ಕಾಯಬಹುದು.

ರೀಲರಿನ ಪಾಡು ಬೇರೆ. ಊರಿನ ಒಳಗೇರಿಗಳಲ್ಲಿ ನಡೆದರೆ ಮನೆ ಮನೆಯಲ್ಲಿಯೂ ನೂಲು ಬಿಚ್ಚುವ ಸದ್ದು. ಕೆಲವೆಡೆ ಹಳೆಯ ಚರಕ, ಕೆಲವೆಡೆ ಕಾಟೇಜ್ ಬೇಸಿನ್, ಈಚೆಗೆ ಹಲವೆಡೆ ಸ್ವಯಂಚಾಲಿತ ಯಂತ್ರ. ಕುದಿಯುವ ನೀರಿನಲ್ಲಿ ಗೂಡುಗಳು ತೇಲಾಡುತ್ತವೆ; ಆ ನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿಯನ್ನು ಹಿಡಿದು ಕೊಡುವುದು ಹೆಂಗಸರ ಕೆಲಸ. ಆ ಬೆರಳುಗಳು ಬಿಳುಪಾಗಿ ನೆನೆದುಹೋಗಿರುತ್ತವೆ. ಒಂದು ಮಿಶ್ರ ತಳಿಯ ಗೂಡಿನಿಂದ ಕೆಲವು ನೂರು ಮೀಟರು, ಒಳ್ಳೆಯ ದ್ವಿತಳಿಯ ಗೂಡಿನಿಂದ ಸಾವಿರ ಮೀಟರಿಗೂ ಮಿಕ್ಕಿದ ಎಳೆ ಸಿಗುತ್ತದೆ. ಹಲವು ಎಳೆಗಳನ್ನು ಕೂಡಿಸಿದರೆ ಒಂದು ನೂಲು. ಮಿಶ್ರ ತಳಿಯಾದರೆ ಏಳೆಂಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಎಂಬುದು ಇಲ್ಲಿನ ಸ್ಥೂಲವಾದ ಲೆಕ್ಕ. ಇಂದು ಗೂಡು ಕೊಂಡ ರೀಲರು ನಾಳೆಯೋ ನಾಡಿದ್ದೋ ನೂಲು ಮಾರಲೇಬೇಕು, ಇಲ್ಲವಾದರೆ ಮರುದಿನದ ಹರಾಜಿಗೆ ಕೈಯಲ್ಲಿ ಹಣವಿರುವುದಿಲ್ಲ. ಆತನೂ ಕಾಯಲಾರ.

ಮೈಸೂರು ಸೀಮೆಗೆ ರೇಷ್ಮೆಯನ್ನು ತಂದವನು ಟಿಪ್ಪು ಸುಲ್ತಾನನೆಂಬುದು ಶಾಲೆಯ ಮಕ್ಕಳೂ ಬಲ್ಲ ಸಂಗತಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮಶೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ಪದ್ಧತಿಯ ಒಂದು ಕ್ಷೇತ್ರವನ್ನು ತೆರೆದರು; ಇಂದು ಬಸವನಗುಡಿಯ ಕಡೆ ಬಸ್ಸಿನಲ್ಲಿ ಹೋಗುವವರು ‘ಟಾಟಾ ಸಿಲ್ಕ್ ಫಾರಂ’ ಎಂದು ಟಿಕೆಟ್ ಕೇಳುವಾಗ ಅಲ್ಲಿ ಒಂದು ಕಾಲಕ್ಕೆ ಹಿಪ್ಪುನೇರಳೆ ಇತ್ತೆಂದು ನೆನೆಯುವುದಿಲ್ಲ. ಕಲಿಸಿದ ಜಪಾನೇ ಮುಂದೆ ಸ್ಪರ್ಧಿಯಾಯಿತು. 1930ರ ದಶಕದ ಮುಗ್ಗಟ್ಟಿನಲ್ಲಿ ಚೀನ, ಜಪಾನುಗಳ ಅಗ್ಗದ ರೇಷ್ಮೆ ಇಲ್ಲಿನ ಬಂದರುಗಳಲ್ಲಿ ಬಂದು ಬಿದ್ದಾಗ ಮೈಸೂರಿನ ಹಿಪ್ಪುನೇರಳೆಯ ತೋಟಗಳು ಬಾಡಿದವು. ಟಾರಿಫ್ ಬೋರ್ಡು 1933ರಲ್ಲಿ ವಿಚಾರಣೆ ನಡೆಸಿತು. 1934ರಲ್ಲಿ ರಕ್ಷಣಾ ಸುಂಕ ಬಂತು. ಆದುದರಿಂದ ರಾಮನಗರದ ಮಾರುಕಟ್ಟೆಯಲ್ಲಿ ಇಂದು ‘ಚೀನಾ ನೂಲು’ ಎಂಬ ಮಾತು ಕೇಳಿದಾಗ ಅದು ನಿನ್ನೆ ಹುಟ್ಟಿದ ದೂರೆಂದು ಯಾರೂ ತಿಳಿಯಬೇಕಾಗಿಲ್ಲ. ಅಜ್ಜಂದಿರ ಕಾಲದ ದೂರು ಅದು.

2002-03ರ ಹೊತ್ತಿಗೆ ಭಾರತದ ಕಚ್ಚಾ ರೇಷ್ಮೆಯ ಒಟ್ಟು ಉತ್ಪಾದನೆ ಹದಿನಾರು ಸಾವಿರ ಟನ್ನಿನ ಆಸುಪಾಸಿನಲ್ಲಿತ್ತು. ಅದೇ ವರ್ಷ ಹೊರಗಿನಿಂದ ಬಂದುದು ಸುಮಾರು ಒಂಬತ್ತು ಸಾವಿರ ಟನ್ನು, ಬಹುಪಾಲು ಚೀನದಿಂದ. ಆಗ ಈ ಊರಿನ ಬಾಯಲ್ಲಿ ಒಂದು ಹೊಸ ಇಂಗ್ಲಿಷ್ ಪದ ನೆಲೆಸಿತು: ಡಂಪಿಂಗ್.

ಈ ಪದಕ್ಕೆ ಕಾನೂನಿನಲ್ಲಿರುವ ಅರ್ಥ ಜನರು ತಿಳಿದಿರುವ ಅರ್ಥಕ್ಕಿಂತ ಕಿರಿದು. ಅಗ್ಗವಾಗಿ ಮಾರುವುದು ತಪ್ಪಲ್ಲ. ತನ್ನ ತವರಿನಲ್ಲಿ ನೂರು ರೂಪಾಯಿಗೆ ಮಾರುವ ಸರಕನ್ನು ಪರದೇಶಕ್ಕೆ ಎಂಬತ್ತಕ್ಕೆ ಕಳುಹಿಸಿದರೆ ಮಾತ್ರ ಅದು ಡಂಪಿಂಗ್. ಆ ಇಪ್ಪತ್ತು ರೂಪಾಯಿಯೇ ಡಂಪಿಂಗಿನ ಅಂತರ. ಅದೂ ಸಾಲದು. ಕೊಂಡ ದೇಶದ ಉದ್ಯಮಕ್ಕೆ ಹಾನಿಯಾಗಿರಬೇಕು. ಆ ಹಾನಿ ಅದೇ ಸರಕಿನಿಂದಲೇ ಆಯಿತೆಂದು ತೋರಿಸಿಕೊಡಬೇಕು. ಇಂಥ ಕಾನೂನನ್ನು ಮೊದಲು ಮಾಡಿದ್ದು 1904ರಲ್ಲಿ ಕೆನಡ. 1947ರ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಆರನೆಯ ವಿಧಿಯಲ್ಲಿ ಅದು ಜಗತ್ತಿನ ನಿಯಮವಾಯಿತು. ನಮ್ಮ ದೇಶದಲ್ಲಿ 1975ರ ಸುಂಕ ದರ ಅಧಿನಿಯಮವೂ 1995ರ ನಿಯಮಾವಳಿಯೂ ಅದಕ್ಕೆ ಆಧಾರ. ದೆಹಲಿಯ ವಾಣಿಜ್ಯ ಸಚಿವಾಲಯದ ನಿರ್ದೇಶನಾಲಯ ವಿಚಾರಣೆ ನಡೆಸಿ ಶಿಫಾರಸು ಮಾಡುತ್ತದೆ. ಸುಂಕ ಹಾಕುವ ಅಧಿಕಾರ ಹಣಕಾಸು ಸಚಿವಾಲಯದ್ದು. ಚೀನದ ವಿಷಯದಲ್ಲಿ ಇನ್ನೊಂದು ತೊಡಕುಂಟು. ಅಲ್ಲಿನ ಬೆಲೆಯನ್ನು ಮಾರುಕಟ್ಟೆಯಲ್ಲ, ಸರ್ಕಾರವೇ ನಡೆಸುತ್ತದೆಂಬ ಶಂಕೆಯಿಂದ ತವರಿನ ಬೆಲೆಯನ್ನು ಹಾಗೆಯೇ ಒಪ್ಪದೆ, ಬೇರೆ ಆಧಾರಗಳಿಂದ ಒಂದು ‘ಸಹಜ ಮೌಲ್ಯ’ವನ್ನು ಕಟ್ಟಬೇಕಾಗುತ್ತದೆ.

ದೂರು ಕೊಡುವವರು ದೇಶದ ಒಟ್ಟು ಉತ್ಪಾದನೆಯಲ್ಲಿ ಕಡಮೆಯೆಂದರೆ ನೂರಕ್ಕೆ 25 ಪಾಲನ್ನು ಪ್ರತಿನಿಧಿಸಬೇಕೆಂದು ನಿಯಮ. ಉಕ್ಕಿನ ಕಾರ್ಖಾನೆಗಳಾದರೆ ಎರಡು ಮೂರು ಕಂಪನಿಗಳು ಒಂದು ಮೇಜಿನ ಸುತ್ತ ಕುಳಿತರೆ ಆಯಿತು. ರೇಷ್ಮೆಯಲ್ಲಿ ಆ 25 ಪಾಲೆಂದರೆ ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲಗಳ ಸಾವಿರಾರು ಮನೆಗಳು. ಖರ್ಚಿನ ಲೆಕ್ಕವನ್ನು ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದುಕೊಳ್ಳುವವನ ಮುಂದೆ ಲೆಕ್ಕ ಪರಿಶೋಧಕರ ಪ್ರಶ್ನಾವಳಿಯನ್ನು ಇಟ್ಟರೆ ಆತನೇನು ತುಂಬಬಲ್ಲ? ಕಾನೂನಿನ ಭಾಷೆ ದೊಡ್ಡ ಕಾರ್ಖಾನೆಗಾಗಿ ಹೊಲಿದ ಅಂಗಿ. ಈ ಮನೆಗಳ ಮೈಗೆ ಅದು ಸಡಿಲ.

ಆದರೂ ಅಂಗಿ ತೊಡಿಸಲಾಯಿತು. 2003ರಲ್ಲಿ ಚೀನದ ಕಚ್ಚಾ ರೇಷ್ಮೆಯ ಮೇಲೆ, ‘2ಎ’ ದರ್ಜೆ ಮತ್ತು ಅದರ ಕೆಳಗಿನ ನೂಲಿಗೆ, ಡಂಪಿಂಗ್ ವಿರೋಧಿ ಸುಂಕ ಬಿತ್ತು. ಅವಧಿ ತೀರಿದಾಗ ಪುನರ್ವಿಚಾರಣೆಯ ಬಳಿಕ ಮುಂದುವರಿಯಿತು. ಅದಕ್ಕಿಂತ ಮೇಲಿನ ದರ್ಜೆಯ ನೂಲು ಈ ಸುಂಕದ ಹೊರಗುಳಿಯಿತು. ನೂಲಿನ ಮೇಲೆ ಬೇಲಿ ಹಾಕಿದರೆ ಬಟ್ಟೆಗೆ ದಾರಿ ತೆರೆದೇ ಇತ್ತು. 2006ರಲ್ಲಿ ಮೀಟರಿಗೆ 20ರಿಂದ 100 ಗ್ರಾಮಿನವರೆಗೆ ತೂಗುವ ಚೀನದ ರೇಷ್ಮೆ ಬಟ್ಟೆಗೂ ಇಂಥದೇ ಸುಂಕ ಬಂತು. ನಿಯಮದ ಒಂದೊಂದು ಮಾತೂ ಹೀಗೆ ಏಕಕಾಲಕ್ಕೆ ಗೋಡೆಯೂ ಹೌದು, ಬಾಗಿಲೂ ಹೌದು: ನೂರು ಗ್ರಾಮಿನ ಈಚೆಗೆ ಸುಂಕ, ಆಚೆಗೆ ಇಲ್ಲ.

ನೇಕಾರನ ಮಾತನ್ನೂ ಇಲ್ಲಿ ಕೇಳಬೇಕು, ಇಲ್ಲದಿದ್ದರೆ ಅನ್ಯಾಯವಾದೀತು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮುಂದೆ ನಿಂತವನಿಗೆ ಚೀನದ ನೂಲಿನ ಮೇಲೆ ಮೋಹವೇನೂ ಇಲ್ಲ; ಅದು ಮಗ್ಗದ ಓಟದಲ್ಲಿ ಕಡಿಯುವುದಿಲ್ಲ, ಒಂದೇ ಸಮನಾಗಿರುತ್ತದೆ ಎಂಬುದಷ್ಟೇ ಆತನ ಕಾರಣ. ಮಿಶ್ರ ತಳಿಯ ಗೂಡಿನ ನೂಲು ಹಾಸಿಗೆ ಸಾಲದು, ಹೊಕ್ಕಿಗೆ ಸರಿ ಎಂದು ಆತನು ಹೇಳುತ್ತಾನೆ. ಸುಂಕ ಏರಿದರೆ ರೀಲರು ನಕ್ಕಾನು, ನೇಕಾರನು ಅತ್ತಾನು. ಇಳಿದರೆ ಇದು ತಿರುಗುಮುರುಗು. ದ್ವಿತಳಿಯನ್ನು ಬೆಳೆಯಿರೆಂದು ರೇಷ್ಮೆ ಇಲಾಖೆಯವರು ಹಳ್ಳಿಹಳ್ಳಿಗೂ ಹೋಗಿ ಹೇಳುತ್ತಿರುವುದರ ಮರ್ಮ ಇದೇ. ಅದಕ್ಕೆ ತಂಪಾದ, ಶುಚಿಯಾದ ಹುಳುಮನೆ ಬೇಕು. ಅಂಥ ಮನೆಗೆ ಹಣ ಬೇಕು. ಹಣಕ್ಕೆ ಗೂಡಿನ ಬೆಲೆ ಬೇಕು.

2011ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಮೂಲ ಆಮದು ಸುಂಕವನ್ನು ನೂರಕ್ಕೆ 30ರಿಂದ ಐದಕ್ಕೆ ಇಳಿಸಲಾಯಿತು. ಆ ವರ್ಷ ಗೂಡಿನ ಬೆಲೆ ಹೇಗೆ ಬಿತ್ತೆಂಬುದನ್ನು ರಾಮನಗರದ ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಹೇಳುತ್ತಾರೆ. ಹಿಪ್ಪುನೇರಳೆಯನ್ನು ಬುಡಸಹಿತ ಕಿತ್ತು ಬೇರೆ ಬೆಳೆ ಇಟ್ಟವರ ಹೊಲಗಳನ್ನು ಬೆರಳು ಮಾಡಿ ತೋರಿಸುತ್ತಾರೆ. 2013ರಲ್ಲಿ ಸುಂಕ 15ಕ್ಕೆ ಏರಿತು. ಮಧ್ಯೆ 10ಕ್ಕೆ ಇಳಿದು 2021ರಲ್ಲಿ ಮತ್ತೆ 15 ಆಯಿತು. ಬಜೆಟ್ಟಿನ ಒಂದು ಸಾಲು ಒಂದೇ ರಾತ್ರಿಯಲ್ಲಿ ಜಾರಿಗೆ ಬರುತ್ತದೆ. ಡಂಪಿಂಗಿನ ವಿಚಾರಣೆಗೆ ಮಾತ್ರ ಒಂದು ವರ್ಷ ಬೇಕು, ಕೆಲವೊಮ್ಮೆ ಒಂದೂವರೆ ವರ್ಷ. ತಾತ್ಕಾಲಿಕ ಸುಂಕ ಹಾಕಬೇಕಾದರೂ ವಿಚಾರಣೆ ಶುರುವಾಗಿ 60 ದಿನವಾದರೂ ಕಳೆದಿರಬೇಕು. ಅಷ್ಟರೊಳಗೆ ಹುಳುಮನೆಯಲ್ಲಿ ಎರಡು ಬೆಳೆ ಎದ್ದು ಹೋಗಿರುತ್ತದೆ. ದೆಹಲಿಯ ಕಡತಕ್ಕೆ ಒಂದು ವರ್ಷ, ಚಂದ್ರಿಕೆಯ ಗೂಡಿಗೆ ಹತ್ತು ದಿನ. ಆರೋಪಕ್ಕೊಳಗಾದ ಪರದೇಶದವನಿಗೂ ತನ್ನ ಮಾತು ಹೇಳಲು ಅವಕಾಶವಿರಬೇಕಾದುದು ನ್ಯಾಯವೇ. ಆದರೆ ಆ ನ್ಯಾಯದ ಗಡಿಯಾರವನ್ನು ಮಾಡಿದವರು ಹುಳು ಸಾಕಿದವರಲ್ಲ ಎಂಬುದು ಸ್ಪಷ್ಟ.

ಈಚಿನ ವರ್ಷಗಳಲ್ಲಿ ಇನ್ನೊಂದು ದಾರಿ ತೆರೆದಿದೆ. ಹಡಗಿನಲ್ಲಿ ಪೆಟ್ಟಿಗೆಯಾಗಿ ಬರುವ ಸರಕಿಗೆ ಒಂದು ಬಿಲ್ಲು, ಒಬ್ಬ ಆಮದುದಾರ, ಕಳುಹಿಸಿದ ಕಾರ್ಖಾನೆಯ ಹೆಸರು ಇರುತ್ತದೆ. ಡಂಪಿಂಗ್ ವಿರೋಧಿ ಸುಂಕ ನಡೆಯುವುದೇ ಈ ಹೆಸರುಗಳ ಮೇಲೆ. ಒಂದೊಂದು ಕಾರ್ಖಾನೆಗೆ ಒಂದೊಂದು ದರ. ಆದರೆ ಮನೆಯಲ್ಲಿ ಕುಳಿತು ಫೋನಿನಲ್ಲಿ ಆರಿಸಿ ತರಿಸಿಕೊಂಡ ವಸ್ತು ಒಂದು ಪುಟ್ಟ ಪೊಟ್ಟಣವಾಗಿ ಬರುತ್ತದೆ. ಮಾರಿದವನ ಹೆಸರು ಇಂದು ಇದ್ದಂತೆ ನಾಳೆ ಇರುವುದಿಲ್ಲ. ಕಾನೂನಿನ ಪ್ರಕಾರ ಯಾವ ದಾರಿಯಿಂದ ಬಂದರೂ ಸುಂಕ ಸುಂಕವೇ. ಆದರೆ ಅಂಚೆಯ ಮೂಟೆಯಲ್ಲಿ ಬಿದ್ದಿರುವ ಸಾವಿರ ಪೊಟ್ಟಣಗಳಲ್ಲಿ ಒಂದೊಂದನ್ನೂ ಬಿಚ್ಚಿ, ಬಟ್ಟೆ ತೂಗಿ, ಮೀಟರಿಗೆ ಎಷ್ಟು ಗ್ರಾಮೆಂದು ನೋಡುವ ಅಧಿಕಾರಿಯನ್ನು ಎಲ್ಲಿಂದ ತರಬೇಕು? ಅಂಥ ಪೊಟ್ಟಣಗಳ ಮೇಲೆ ‘ಉಡುಗೊರೆ’ ಎಂದು ಬರೆದು ಸುಂಕ ತಪ್ಪಿಸುವ ಚಾಳಿ ಎಷ್ಟು ಬೆಳೆಯಿತೆಂದರೆ, 2019ರ ಡಿಸೆಂಬರಿನಲ್ಲಿ ಸರ್ಕಾರ ಉಡುಗೊರೆಯ ಹೆಸರಿನಲ್ಲಿ ಬರುವ ಆಮದನ್ನೇ ನಿಷೇಧಿಸಿ, ಬೇಕಾದವರು ಪೂರ್ತಿ ಸುಂಕ ಕೊಟ್ಟು ತರಿಸಿಕೊಳ್ಳಲಿ ಎಂದಿತು. ಜೀವ ಉಳಿಸುವ ಔಷಧಿಗೂ ರಾಖಿಗೂ ಮಾತ್ರ ವಿನಾಯಿತಿ. ರಾಖಿಯೊಡನೆ ಕಳುಹಿಸುವ ಉಡುಗೊರೆಗೆ ಇಲ್ಲ. ಸರ್ಕಾರಿ ಆಜ್ಞೆಯಲ್ಲಿ ಅಣ್ಣತಂಗಿಯರ ಪ್ರೀತಿಗೆ ಇಷ್ಟು ಅಳೆದು ತೂಗಿ ಜಾಗ ಕೊಟ್ಟದ್ದು ಅಪರೂಪ. ಅಮೆರಿಕೆಯಲ್ಲಿ 800 ಡಾಲರಿನ ಒಳಗಿನ ಪೊಟ್ಟಣಕ್ಕೆ ಸುಂಕವೇ ಇರಲಿಲ್ಲ. 2025ರ ಮೇ ತಿಂಗಳಲ್ಲಿ ಚೀನದ ಪೊಟ್ಟಣಗಳಿಗೂ ಆಗಸ್ಟಿನಲ್ಲಿ ಉಳಿದೆಲ್ಲ ದೇಶಗಳ ಪೊಟ್ಟಣಗಳಿಗೂ ಆ ಬಾಗಿಲು ಮುಚ್ಚಿತು.

ರಾಮನಗರದಿಂದ ಮುಂದಿನ ಊರು ಚನ್ನಪಟ್ಟಣ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಬೊಂಬೆಗಳ ಊರು. ಅಲ್ಲಿಯೂ ದೂರು ಅದೇ, ಚೀನದ ಅಗ್ಗದ ಆಟಿಕೆ. ಆದರೆ ಆಟಿಕೆಗಳ ವಿಷಯದಲ್ಲಿ ಸರ್ಕಾರ ಹಿಡಿದದ್ದು ಬೇರೆ ದಾರಿ. 2020ರಲ್ಲಿ ಆಮದು ಸುಂಕವನ್ನು ನೂರಕ್ಕೆ 20ರಿಂದ 60ಕ್ಕೆ ಏರಿಸಿ, 2021ರ ಜನವರಿಯಿಂದ ಗುಣಮಟ್ಟದ ಮುದ್ರೆಯಿಲ್ಲದ ಆಟಿಕೆಯನ್ನು ಮಾರಬಾರದೆಂದು ವಿಧಿಸಿತು. 2023ರಲ್ಲಿ ಸುಂಕ 70 ಆಯಿತು. ಮುದ್ರೆಯಿಲ್ಲದ ಆಟಿಕೆ ಮಾರಾಟಕ್ಕಿತ್ತೆಂದು 2023ರ ಜನವರಿಯಲ್ಲಿ ದೊಡ್ಡ ದೊಡ್ಡ ಆನ್‌ಲೈನ್ ಅಂಗಡಿಗಳಿಗೂ ನೋಟೀಸು ಹೋಯಿತು. ತವರಿನ ಬೆಲೆಯೆಷ್ಟು, ಹಾನಿಯೆಷ್ಟು ಎಂಬ ವರ್ಷದ ವಿಚಾರಣೆ ಇಲ್ಲಿ ಬೇಕಾಗಲಿಲ್ಲ. ಮುದ್ರೆ ಇದೆಯೋ ಇಲ್ಲವೋ, ಅಷ್ಟೇ ಪ್ರಶ್ನೆ. ಅದನ್ನು ಅಂಗಡಿಯವನಿಗೇ ಕೇಳಬಹುದು. ರೇಷ್ಮೆಗೂ ಒಂದು ಮುದ್ರೆ ಇದೆ, ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಶುರುವಾದ ‘ಸಿಲ್ಕ್ ಮಾರ್ಕ್’. ಆದರೆ ಅದು ಶುದ್ಧ ರೇಷ್ಮೆಯೆಂದು ಹೇಳುತ್ತದೆಯೇ ಹೊರತು ಯಾವ ದೇಶದ ಹುಳು ಎಂದು ಹೇಳುವುದಿಲ್ಲ. ಹಾಕಿಕೊಳ್ಳಲೇಬೇಕೆಂಬ ಬಲವಂತವೂ ಇಲ್ಲ.

ಸಂಜೆಯ ಹೊತ್ತಿಗೆ ನೂಲಿನ ಮನೆಗಳಲ್ಲಿ ಒಲೆಗಳು ಆರುತ್ತವೆ. ಅಂಥ ಒಂದು ಮನೆಯ ಜಗುಲಿಯಲ್ಲಿ ನೆರೆಮನೆಯ ಹುಡುಗಿಯೊಬ್ಬಳು ಫೋನಿನಲ್ಲಿ ತರಿಸಿಕೊಂಡ ಸೀರೆಯ ಪೊಟ್ಟಣವನ್ನು ಬಿಚ್ಚಿದಳೆನ್ನಿ. ‘ಪ್ಯೂರ್ ಸಿಲ್ಕ್’ ಎಂದು ಅಚ್ಚಾಗಿದೆ. ಬೆಲೆಯನ್ನು ಕೇಳಿ ಮುದುಕ ರೀಲರು ಮನಸ್ಸಿನಲ್ಲಿಯೇ ಗುಣಿಸುತ್ತಾನೆ: ಅರ್ಧ ಕಿಲೋ ನೂಲಾದರೂ ಬೇಕು, ಅದಕ್ಕೆ ಮೂರೂವರೆ ಕಿಲೋ ಗೂಡು, ಬಣ್ಣ, ಮಗ್ಗ, ಕೂಲಿ ಬಿಡಿ, ಗೂಡಿನ ಬೆಲೆಯೇ ಅದಕ್ಕಿಂತ ಹೆಚ್ಚು. ಆತ ಸೆರಗಿನ ತುದಿಯಿಂದ ಒಂದು ಎಳೆ ಎಳೆದು ಬೆಂಕಿಕಡ್ಡಿ ಗೀರುತ್ತಾನೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಕರಗಿ, ಕಪ್ಪಗೆ ಗಟ್ಟಿ ಮಣಿಯಾಗಿ ತುದಿಯಲ್ಲಿ ನಿಲ್ಲುತ್ತದೆ.

“ಇದು ಪ್ಲಾಸ್ಟಿಕ್ ಕಣಮ್ಮ,” ಎನ್ನುತ್ತಾನೆ.

ವಿಚಿತ್ರವೆಂದರೆ, ಇಂಥ ಸೀರೆಯ ಮುಂದೆ ಡಂಪಿಂಗಿನ ಕಾನೂನು ಬಾಯಿ ತೆರೆಯುವುದೇ ಇಲ್ಲ. ಹಾನಿಯಾದುದು ‘ಸದೃಶ ವಸ್ತು’ವಿನಿಂದ ಎಂದು ತೋರಿಸಬೇಕಲ್ಲವೆ? ಪಾಲಿಯೆಸ್ಟರು ರೇಷ್ಮೆಗೆ ಸದೃಶವಲ್ಲ. ಹೆಸರಿನಲ್ಲಿ ಮಾತ್ರ ಅದು ರೇಷ್ಮೆ, ಹೆಸರಿಗೆ ಸುಂಕವಿಲ್ಲ. ಅದು ಮೋಸವೆಂದು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು, ಆದರೆ ಅಲ್ಲಿ ದೂರು ಕೊಡಬೇಕಾದವಳು ಸೀರೆ ಕೊಂಡ ಹುಡುಗಿಯೇ ಹೊರತು ರೀಲರಲ್ಲ. ಹುಡುಗಿ ಸೀರೆಯನ್ನು ಮಡಿಸುತ್ತಾಳೆ. ಬಣ್ಣ ಚೆನ್ನಾಗಿದೆ, ಹಬ್ಬಕ್ಕೆ ಉಡಬಹುದು ಎನ್ನುತ್ತಾಳೆ. ಮುದುಕ ಅದನ್ನು ಅಲ್ಲಗಳೆಯುವುದಿಲ್ಲ. ಬಣ್ಣ ನಿಜವಾಗಿಯೂ ಚೆನ್ನಾಗಿದೆ.

ಮರುದಿನ ಬೆಳಗ್ಗೆ ಮಾರುಕಟ್ಟೆಯ ಬಾಗಿಲು ತೆರೆಯುವ ಮೊದಲೇ ಕನಕಪುರದ ಬಸ್ಸು ಬಂದು ನಿಂತಿರುತ್ತದೆ. ನಿನ್ನೆಯ ಗೌಡರಲ್ಲ, ಇನ್ನೊಬ್ಬರು. ಜತೆಗೆ ಸೊಸೆ, ಅವಳ ಸೊಂಟದಲ್ಲಿ ನಿದ್ರೆಗಣ್ಣಿನ ಮಗು. ಎರಡು ಮೂಟೆ ಗೂಡು ತೂಕಕ್ಕೆ ಏರುತ್ತದೆ: 64 ಕಿಲೋ. ಲಾಟಿನ ಚೀಟಿ ಕೈಗೆ ಬರುತ್ತದೆ. ಮುದುಕ ರೀಲರು ತಟ್ಟೆಯ ಬಳಿ ಬಂದು ಒಂದು ಗೂಡನ್ನೆತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಸೊಸೆ ಆತನ ಮುಖವನ್ನೇ ನೋಡುತ್ತಾಳೆ. ಆತ ಗೂಡನ್ನು ತಟ್ಟೆಗೆ ಹಾಕಿ, ಜೇಬಿನಿಂದ ಫೋನು ತೆಗೆಯುತ್ತಾನೆ.